ದುಃಖಭಂಜನನ ಹಿತ್ತಾಳೆ ಕೊಳವೆ

ಬಹಳ ಹಿಂದೆ, ಅಂದರೆ ಇದು ಯಾವ ಊರಿರಬಹುದೆಂದು ಊಹಿಸುತ್ತ ಓದುಗರು ತಮ್ಮ ಕಾಫಿ ತಣ್ಣಗಾಗಲು ಬಿಡಬೇಕಾಗಿಲ್ಲದಷ್ಟು ಹಿಂದೆ, ಹೊಳೆಯೊಂದರ ದಂಡೆಯ ಮೇಲೆ ಸುಮುಖನಗರಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ಪ್ರಸನ್ನವದನ. ಅವನು ಹುಟ್ಟಿದಾಗ ಅಳಲಿಲ್ಲ, ನಕ್ಕನು ಎಂದು ಆಸ್ಥಾನದ ಇತಿಹಾಸಕಾರರು ಬರೆದಿದ್ದರು. ಸೂಲಗಿತ್ತಿ ಬೇರೆಯೇ ಹೇಳಿದ್ದಳು. ಅವಳ ಪಿಂಚಣಿ ನಿಂತಿತ್ತು.

ಆ ರಾಜ್ಯದಲ್ಲಿ ಡಂಗುರ ಸಾರುವ ಕೆಲಸ ಮೈಲಾರಿಯದು. ಅವನು ಕೋಟೆ ಬಾಗಿಲಲ್ಲಿ ನಿಂತು ಕೂಗಿದರೆ ಹೊಳೆಯಾಚೆಯ ಎಮ್ಮೆಗಳು ಮೇಯುವುದು ಬಿಟ್ಟು ತಲೆ ಎತ್ತುತ್ತಿದ್ದವು. ಆ ಗಂಟಲನ್ನು ಅವನು ಹಸುಗೂಸಿನಂತೆ ಸಾಕುತ್ತಿದ್ದ. ಮೊಸರು ಮುಟ್ಟುತ್ತಿರಲಿಲ್ಲ, ಬೆಳಿಗ್ಗೆ ಮೆಣಸಿನ ಕಷಾಯ ಕುಡಿಯದೆ ಹೊರಗೆ ಕಾಲಿಡುತ್ತಿರಲಿಲ್ಲ. ಏನನ್ನು ಸಾರುತ್ತಿದ್ದೇನೆ ಎಂಬುದರ ಬಗ್ಗೆ ಮಾತ್ರ ಅವನು ತಲೆ ಕೆಡಿಸಿಕೊಂಡವನಲ್ಲ. ಕಂದಾಯ ಏರಿದ ಸುದ್ದಿಯನ್ನೂ ಯುವರಾಜನ ಮೀಸೆ ಮೂಡಿದ ಸುದ್ದಿಯನ್ನೂ ಒಂದೇ ಉತ್ಸಾಹದಿಂದ ಸಾರುತ್ತಿದ್ದ. ಯಾರಾದರೂ ಆಕ್ಷೇಪಿಸಿದರೆ, "ಸುದ್ದಿ ಅರಮನೇದು ಕಣಪ್ಪಾ, ಗಂಟಲು ಮಾತ್ರ ನಂದು" ಎನ್ನುತ್ತಿದ್ದ.

ರಾಜನ ಅಜ್ಜಿಯ ಕಾಲದಿಂದಲೂ ಪ್ರತಿ ಕೇರಿಯಲ್ಲಿ ಒಂದು ಮನದ ಚಾವಡಿ ಇತ್ತು. ಒಂದು ಜಗಲಿ, ಒಂದು ನೀರಿನ ಗಡಿಗೆ, ಆ ಕೆಲಸಕ್ಕೆಂದೇ ತರಬೇತಾದ ಒಬ್ಬರೋ ಇಬ್ಬರೋ. ಮನಸ್ಸು ಭಾರವಾದವರು ಅಲ್ಲಿ ಬಂದು ಕೂರುತ್ತಿದ್ದರು. ಬರಲಾರದಷ್ಟು ಭಾರವಾದವರ ಮನೆಗೆ ಚಾವಡಿಯವರೇ ಹೋಗಿ ಜೊತೆಗಿರುತ್ತಿದ್ದರು, ಮದ್ದು ಬೇಕೆನಿಸಿದರೆ ವೈದ್ಯರನ್ನು ಕರೆತರುತ್ತಿದ್ದರು. ಮೈಲಾರಿಯ ಹೆಂಡತಿ ಗೌರವ್ವ ಬಾಣಂತಿತನದಲ್ಲಿ ಮಗುವಿನ ಮುಖವನ್ನೂ ನೋಡದೆ ಗೋಡೆಗೆ ತಿರುಗಿ ಮಲಗಿಬಿಟ್ಟಾಗ, ಅಂಬಿಗರ ಕೇರಿಯ ಚಾವಡಿಯ ದ್ಯಾವಕ್ಕ ಆ ಮಳೆಗಾಲವಿಡೀ ಅವರ ಮನೆಗೆ ಬಂದಿದ್ದಳು. ವೈದ್ಯರು ಕೊಟ್ಟ ಮದ್ದನ್ನು ತಾನೇ ಕುಡಿಸಿದ್ದಳು, ಗೌರವ್ವ ಮಾತಾಡದ ದಿನ ತಾನೂ ಮಾತಾಡದೆ ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು. ಗೌರವ್ವ ಎದ್ದು ಕೂತಳು, ಮಗುವೂ ಬೆಳೆಯಿತು.

ಆದರೆ ರಾಜನೀತಿಯ ದೃಷ್ಟಿಯಿಂದ ಈ ಚಾವಡಿಗಳಲ್ಲಿ ಒಂದು ದೊಡ್ಡ ದೋಷವಿತ್ತು. ಅಲ್ಲಿ ಉದ್ಘಾಟಿಸಲು ಏನೂ ಇರಲಿಲ್ಲ. ಜಗಲಿಗೆ ಶಿಲಾಫಲಕ ಹಾಕಿದರೆ ಕೂರಲು ಜಾಗ ಉಳಿಯುತ್ತಿರಲಿಲ್ಲ.

ಹೀಗಿರಲಾಗಿ ಒಂದು ದಿನ ಅಂತರರಾಜ್ಯ ಆನಂದ ಸೂಚ್ಯಂಕ ಪ್ರಕಟವಾಯಿತು. ಸುಮುಖನಗರಿ ಹೆಚ್ಚುಕಡಿಮೆ ಪಟ್ಟಿಯ ತಳದಲ್ಲಿತ್ತು. ಅದಕ್ಕಿಂತ ಕೆಳಗಿದ್ದುದು ಒಂದೇ ರಾಜ್ಯ, ಅದರಲ್ಲಿ ಆಗ ಪ್ಲೇಗು ಇತ್ತು. ಮಹಾರಾಜನು ಬಾಯಿಯ ಬಳಿಗೆ ಒಯ್ದಿದ್ದ ಕಡುಬನ್ನು ತಟ್ಟೆಗೆ ಮರಳಿಸಿ, ಆನಂದ ಇಲಾಖೆಯ ಮಂತ್ರಿ ಸೂಚ್ಯಂಕರಾಯನನ್ನು ಕರೆಸಿದನು. ಆ ಹೆಸರು ಅವನ ತಂದೆತಾಯಿ ಇಟ್ಟದ್ದಲ್ಲ. ಇಲಾಖೆ ಸಿಕ್ಕಿದ ಮೇಲೆ ಅವನೇ ಬದಲಿಸಿಕೊಂಡದ್ದು.

"ಅಮಾತ್ಯರೇ, ನಮ್ಮ ಪ್ರಜೆಗಳಿಗೆ ದುಃಖವೇಕೆ?"

"ಪ್ರಭೂ, ತಮ್ಮಂಥ ದೊರೆಯನ್ನು ಪಡೆದೂ ದುಃಖಿಸುವವರಿದ್ದರೆ ಅದು ತಾಂತ್ರಿಕ ದೋಷವೇ ಇರಬೇಕು. ನಮ್ಮ ತಂಡ ಡೇಟಾ ಪರಿಶೀಲಿಸಿದೆ. ರಾಜ್ಯದಲ್ಲಿ ಅಳುವವರು ಎಲ್ಲಿ ಸಿಗುತ್ತಾರೆಂದು ನೋಡಿದೆವು. ಮನದ ಚಾವಡಿಯಲ್ಲಿ ಸಿಕ್ಕರು. ಚಾವಡಿ ಇಲ್ಲದ ಕಾಡಿನಲ್ಲಿ ಹುಡುಕಿದೆವು. ಒಬ್ಬರೂ ಸಿಗಲಿಲ್ಲ. ಅಂದಮೇಲೆ ಅಳುವಿನ ಮೂಲ ಚಾವಡಿಯೇ."

ಸಭೆ ತಲೆದೂಗಿತು. ಮುದಿ ರಾಜವೈದ್ಯರು ಎದ್ದು, "ಹಾಗೆ ನೋಡಿದರೆ ರೋಗಿಗಳು ಸಿಗುವುದು ಆಸ್ಪತ್ರೆಯಲ್ಲಿ. ಆಸ್ಪತ್ರೆಯಿಂದಲೇ ರೋಗ ಎಂದಂತಾಯಿತಲ್ಲ?" ಎಂದರು.

"ಅಮೂಲ್ಯ ಸಲಹೆ. ಮುಂದಿನ ಬಜೆಟ್ಟಿನಲ್ಲಿ ಪರಿಗಣಿಸೋಣ" ಎಂದನು ಸೂಚ್ಯಂಕರಾಯ. ರಾಜವೈದ್ಯರು ಕುಳಿತರು.

ಚಾವಡಿಗಳ ಬದಲಿಗೆ ಬಂದದ್ದು ಸಾಂತ್ವನ ಕೊಳವೆ. ಪ್ರತಿ ಕೇರಿಯಿಂದ ಅರಮನೆಯವರೆಗೆ ನೆಲದಡಿಯಲ್ಲಿ ಹಿತ್ತಾಳೆಯ ಕೊಳವೆ. ಕೇರಿಯ ತುದಿಯಲ್ಲಿ ದುಃಖಿತರು ಬಾಯಿಟ್ಟು ಹೇಳಬೇಕು, ಅರಮನೆಯ ತುದಿಯಿಂದ ಸಮಾಧಾನ ಹರಿದುಬರುತ್ತದೆ. ಪ್ರತಿ ಕೊಳವೆಯ ಬಾಯಿಗೂ ಮಹಾರಾಜನ ನಗುಮುಖದ ಎರಕ. ಹೇಳಬೇಕಾದವರು ದೊರೆಯ ಬಾಯೊಳಗೆ ಮುಖವಿಟ್ಟೇ ಹೇಳಬೇಕು.

ಇದನ್ನು ಸಾರಲು ಮೈಲಾರಿ ಅಂಬಿಗರ ಕೇರಿಗೆ ಹೋದ. ಎತ್ತರದ ಜಾಗ ಬೇಕಿದ್ದರಿಂದ ಚಾವಡಿಯ ಜಗಲಿಯನ್ನೇ ಹತ್ತಿ, "ಕೇಳ್ರಪ್ಪೋ ಕೇಳಿ! ಇಂದಿನಿಂದ ಚಾವಡಿಗಳು ಬಂದ್! ಇನ್ನು ಮೇಲೆ ಡಿಜಿಟಲ್ ಸಾಂತ್ವನ!" ಎಂದು ಕೂಗಿದ. ಡಿಜಿಟಲ್ ಎಂದರೆ ಏನೆಂದು ಅವನಿಗೂ ಗೊತ್ತಿರಲಿಲ್ಲ, ಅರಮನೆಗೂ ಗೊತ್ತಿರಲಿಲ್ಲ. ಆದರೆ ಆದೇಶದಲ್ಲಿ ಹಾಗಿತ್ತು.

ದ್ಯಾವಕ್ಕ ಒಳಗಿಂದ ಬಂದಳು. "ಏನೋ ಮೈಲಾರಿ, ನನ್ ಜಗಲಿ ಮ್ಯಾಲೆ ನಿಂತು ನನ್ನೇ ಓಡಿಸ್ತೀಯಲ್ಲೋ!"

"ಸುದ್ದಿ ಅರಮನೇದು ಅಕ್ಕಾ..."

"ಗಂಟಲು ನಿಂದು. ಗೊತ್ತೈತೆ ಬಿಡು. ನಿನ್ನ ಹೆಣ್ತಿ ಗ್ವಾಡೆ ಕಡೆ ಮುಖ ಮಾಡಿ ಮಲಗಿದ್ಲಲ್ಲ, ಆವಾಗ ಎಲ್ಲಿತ್ತೋ ಈ ಗಂಟಲು? ಒಂದು ಮಾತು ಹೊರಡ್ಲಿಲ್ಲ ನಿನ್ನ ಬಾಯಿಂದ. ಹಿತ್ತಲಾಗೆ ಹೋಗಿ ನಿಂತ್ಕೊಂಡಿದ್ದೆ."

ಮೈಲಾರಿ ಜಗಲಿಯಿಂದ ಇಳಿದ. ಅವತ್ತು ಉಳಿದ ಕೇರಿಗಳಲ್ಲಿ ಅವನ ದನಿ ಒಂದು ಸ್ವರ ಕೆಳಗಿತ್ತೆಂದು ಹೊಳೆಯಾಚೆಯವರು ಗಮನಿಸಿದರು. ಎಮ್ಮೆಗಳು ತಲೆ ಎತ್ತಲಿಲ್ಲ.

ಆದರೆ ಅಭಿಮಾನಕ್ಕೆ ಬಿದ್ದ ಪೆಟ್ಟು ಬೇಗ ಗುಣವಾಗುವ ಗಾಯ. ರಾಜ್ಯದಲ್ಲೆಲ್ಲ ಶ್ರೇಷ್ಠ ಕಂಠ ಅವನದೇ ಆದ್ದರಿಂದ, ಕೊಳವೆಯ ಅರಮನೆ ತುದಿಯಲ್ಲಿ ಕೂತು ಮಾತಾಡುವ ಹುದ್ದೆಯೂ ಅವನಿಗೇ ಬಂತು. ಹುದ್ದೆಯ ಹೆಸರು 'ಮುಖ್ಯ ಸಾಂತ್ವನ ವಾಹಕ'. ಮೈಲಾರಿ ಹೊಸ ರುಮಾಲು ಸುತ್ತಿಕೊಂಡು ಹೋದ. ಕೋಣೆಯಲ್ಲಿ ರೇಷ್ಮೆಯ ದಿಂಬುಗಳಿದ್ದವು, ಗೋಡೆಯ ಮೇಲೆ 'ನಗು ನಿಮ್ಮ ಹಕ್ಕಲ್ಲ, ಕರ್ತವ್ಯ' ಎಂಬ ಸೂಕ್ತಿಯಿತ್ತು, ನಡುವೆ ಎಲ್ಲ ಕೇರಿಗಳ ಕೊಳವೆಗಳು ಬಂದು ಸೇರುವ ದೊಡ್ಡ ಹಿತ್ತಾಳೆಯ ಬಾಯಿ ಇತ್ತು. ಅವನು ಹೇಳಬೇಕಾದದ್ದು ಇಷ್ಟೇ:

"ಮಹಾರಾಜರ ಸಾಂತ್ವನ ಕೊಳವೆಗೆ ಸುಸ್ವಾಗತ. ಸಣ್ಣ ಬೇಸರಕ್ಕೆ ಒಮ್ಮೆ ತಟ್ಟಿ. ದೊಡ್ಡ ಬೇಸರಕ್ಕೆ ಎರಡು ಸಲ ತಟ್ಟಿ. ಬದುಕೇ ಬೇಡವೆನಿಸಿದ್ದರೆ ದಯವಿಟ್ಟು ಸರತಿಯಲ್ಲಿ ಇರಿ. ನಿಮ್ಮ ದುಃಖ ಪ್ರಭುಗಳಿಗೆ ಅತ್ಯಮೂಲ್ಯ."

"ಆಮೇಲೆ?" ಎಂದು ಮೈಲಾರಿ ಕೇಳಿದ.

"ಆಮೇಲೆ ಮತ್ತೆ ಅದನ್ನೇ ಮೊದಲಿಂದ" ಎಂದನು ಸೂಚ್ಯಂಕರಾಯ. "ಅವರು ಹೇಳಿದ್ದಕ್ಕೆ ಉತ್ತರ ಕೊಡಕೂಡದು. ಕೊಟ್ಟರೆ ಅವರು ಇನ್ನಷ್ಟು ಹೇಳುತ್ತಾರೆ. ಕೊಡದಿದ್ದರೆ ಸ್ವಲ್ಪ ಹೊತ್ತಿಗೆ ನಿಲ್ಲಿಸುತ್ತಾರೆ. ದನಿ ನಿಂತಿತೆಂದರೆ ಪರಿಹಾರವಾಯಿತೆಂದು ತಿಳಿ."

ಮೊದಮೊದಲು ಮೈಲಾರಿ ತನ್ನ ದನಿಯ ಗುಂಗಿನಲ್ಲೇ ಇದ್ದ. ಆ ಹಿತ್ತಾಳೆಯಲ್ಲಿ ಅದು ದೇವಸ್ಥಾನದ ಗಂಟೆಯಂತೆ ಮೊಳಗುತ್ತಿತ್ತು. ಆದರೆ ಮನುಷ್ಯ ತನ್ನ ದನಿಯನ್ನು ಎಷ್ಟು ದಿನ ಕೇಳಿಸಿಕೊಂಡಾನು? ನಡುನಡುವೆ ಬೇರೆಯವರ ದನಿ ಕಿವಿಗೆ ಬೀಳತೊಡಗಿತು. ಮಗಳು ಮನೆ ಬಿಟ್ಟು ಹೋದ ಅಗಸರವನು. ಗೋಡೆಯೊಳಗಿಂದ ಯಾರೋ ಬೈಯುತ್ತಾರೆಂದು ಹೆದರುವ ಹೆಂಗಸು. ಏನನ್ನೂ ಹೇಳದೆ ಬರೀ ಬಿಕ್ಕುವ ಯಾರೋ. ಅವನು ಸುಸ್ವಾಗತ ಹೇಳುತ್ತಿದ್ದ, ಅವರು ತಟ್ಟುತ್ತಿದ್ದರು, ಅವನು ಮತ್ತೆ ಸುಸ್ವಾಗತ ಹೇಳುತ್ತಿದ್ದ. ಮನೆಗೆ ಹೋದರೆ ಗೌರವ್ವನ ಮುಖ ನೋಡಲು ಅವನಿಗೆ ಒಂಥರಾ ಆಗತೊಡಗಿತು.

ಒಂದು ಮಧ್ಯಾಹ್ನ ಸೂಚ್ಯಂಕರಾಯ ಊಟಕ್ಕೆ ಹೋಗಿದ್ದಾಗ ಕೊಳವೆಯಲ್ಲೊಂದು ಗಂಡಸಿನ ದನಿ ಬಂತು.

"ಅಲ್ಲಿ ಯಾರಾನ ಅದೀರಾ? ನಿಜವಾಗ್ಲೂ ಯಾರಾನ ಅದೀರಾ?"

ಮೈಲಾರಿ ಬಾಗಿಲ ಕಡೆ ನೋಡಿದ. ಆಮೇಲೆ ಮೆಲ್ಲಗೆ, "ಅದೀನಿ" ಎಂದ.

ಆ ಕಡೆಯವನಿಗೆ ದಿಗಿಲಾಯಿತೆಂದು ಕಾಣುತ್ತದೆ. "ಯಾರಣ್ಣಾ ನೀನು?"

"ನಾನು... ಕೊಳವೆ."

"ಕೊಳವೆಗೂ ಬಾಯಿ ಬಂತಾ ಈ ರಾಜ್ಯದಾಗೆ!" ಎಂದು ಅವನು ನಕ್ಕಂತೆ ಮಾಡಿದ. ನಗು ಅರ್ಧಕ್ಕೇ ಮುರಿಯಿತು. "ನಾನು ಹರಿಗೋಲು ಹಾಕೋ ನಿಂಗಪ್ಪ ಕಣಣ್ಣ. ನೆರೆ ಬಂದಾಗ ನಮ್ಮ ಹರಿಗೋಲು ಮಗುಚ್ತು. ನೀರಾಗೆ ಬಿದ್ದೋರ್ನ ಒಬ್ಬೊಬ್ಬರನ್ನೇ ಎಳ್ದು ದಡಕ್ಕೆ ಹಾಕ್ದೆ. ನನ್ ತಮ್ಮ ಕೊನೇಗಿದ್ದ. 'ಅಣ್ಣಾ, ಮೊದ್ಲು ಅವ್ರನ್ನ ನೋಡು' ಅಂದ. ನಾನು ತಿರುಗಿ ಬರೋ ಹೊತ್ತಿಗೆ ಬರೀ ನೀರು. ಊರೋರು ನನ್ನ ಹೊತ್ಕಂಡು ಮೆರವಣಿಗೆ ಮಾಡಿದ್ರು. ನಂಗೆ ಮಾತ್ರ ಆ ನೀರು ಕಣ್ಮುಂದೆ ಹೋಗ್ತಾನೇ ಇಲ್ಲ."

ಮೈಲಾರಿ ಗೋಡೆಯ ಮೇಲಿನ ಸೂಕ್ತಿ ನೋಡಿದ. ಅದರಿಂದ ಏನೂ ಉಪಯೋಗವಾಗಲಿಲ್ಲ. ಹಿಂದೊಮ್ಮೆ ಹಿತ್ತಲಿಗೆ ಹೋಗಿ ನಿಂತಂತೆ ಈಗಲೂ ಎದ್ದು ಹೋಗಿಬಿಡೋಣವೆನಿಸಿತು. ಕೊನೆಗೆ ಬಾಯಿಗೆ ಬಂದದ್ದನ್ನು ಕೇಳಿದ.

"ಉಂಡೆಯಾ?"

"ಏನಂದೆ?"

"ಊಟ ಆಯ್ತಾ ಅಂತ ಕೇಳ್ದೆ."

"ನೆನಪಿಲ್ಲ ಕಣಣ್ಣ" ಎಂದ ನಿಂಗಪ್ಪ. ಆಮೇಲೆ ಅವನು ಅತ್ತ. ಮೈಲಾರಿ ಅಡ್ಡ ಬಾಯಿ ಹಾಕದೆ ಕೇಳಿಸಿಕೊಂಡ.

ಆ ಸಂಜೆ ಮೈಲಾರಿ ನೆಟ್ಟಗೆ ದ್ಯಾವಕ್ಕನ ಮನೆಗೆ ಹೋಗಿ, ತಲೆ ತಗ್ಗಿಸಿಕೊಂಡು ನಿಂಗಪ್ಪನ ವಿಷಯ ಹೇಳಿದ. "ಚಾವಡಿ ಇಲ್ಲ ಅಂತ ಗೊತ್ತು ಅಕ್ಕಾ. ಆದ್ರೂ..."

"ಚಾವಡಿ ಮುಚ್ಚಿದ್ರು, ನನ್ ಕಾಲು ಕಡಿದ್ರಾ?" ಎಂದು ದ್ಯಾವಕ್ಕ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಅಂದಿನಿಂದ ಮಂತ್ರಿಯ ಊಟದ ಹೊತ್ತಿನಲ್ಲಿ ಮೈಲಾರಿ ಕದ್ದು ಉತ್ತರ ಕೊಡತೊಡಗಿದ. ಅವನ ಸಮಾಧಾನಗಳು ಒರಟಾಗಿದ್ದವು. ಕೆಲವರಿಗೆ ತಪ್ಪು ಉತ್ತರವನ್ನೂ ಕೊಟ್ಟ. ಗೋಡೆಯ ಬೈಗುಳ ಕೇಳುವ ಹೆಂಗಸಿಗೆ ತಿರುಗಿ ಬೈಯಲು ಹೇಳಿ, ಆಮೇಲೆ ದ್ಯಾವಕ್ಕನಿಂದ ತಾನೇ ಬೈಸಿಕೊಂಡ. ಅವಳು ಆ ಹೆಂಗಸನ್ನು ವೈದ್ಯರ ಬಳಿಗೆ ಕರೆದೊಯ್ದಳು. ಆದರೆ 'ಕೊಳವೆಯೊಳಗೆ ಒಬ್ಬ ಮನುಷ್ಯ ಇದ್ದಾನಂತೆ' ಎಂಬ ಸುದ್ದಿ ಊರೆಲ್ಲ ಹಬ್ಬಿತು. ಮಧ್ಯಾಹ್ನವಾದರೆ ಸಾಕು, ಪ್ರತಿ ಕೇರಿಯಲ್ಲಿ ಮಹಾರಾಜನ ಹಿತ್ತಾಳೆ ಮುಖದ ಮುಂದೆ ಸಾಲು. ಸಾಲಿನಲ್ಲಿ ನಿಂತವರು ಒಬ್ಬರಿಗೊಬ್ಬರು ತಮ್ಮ ಕಥೆ ಹೇಳಿಕೊಳ್ಳುತ್ತಿದ್ದರು. ಕೆಲವರಿಗೆ ಅಷ್ಟರಲ್ಲೇ ಹಗುರಾಗಿ ಕೊಳವೆಯ ತನಕ ಹೋಗದೆ ಮನೆಗೆ ಮರಳುತ್ತಿದ್ದರು.

ಸಾಲು ಕಂಡು ಮಹಾರಾಜನಿಗೆ ಗಾಬರಿಯಾಯಿತು. "ಅಮಾತ್ಯರೇ, ದುಃಖ ಹೆಚ್ಚಿದೆಯಲ್ಲ!"

"ಪ್ರಭೂ, ಹೆಚ್ಚಿರುವುದು ದುಃಖವಲ್ಲ, ತಮ್ಮ ಮುಖದ ಜನಪ್ರಿಯತೆ. ಜನ ತಮ್ಮ ಹಿತ್ತಾಳೆ ಬಾಯಿಯ ಮುಂದಿಂದ ಕದಲುತ್ತಿಲ್ಲ. ಆನಂದೋತ್ಸವದ ದಿನ ತಾವೇ ಸ್ವತಃ ಕೊಳವೆಯಲ್ಲಿ ಲೈವ್ ಆಗಿ ಒಬ್ಬ ದುಃಖಿಯನ್ನು ಪರಿಹರಿಸಿದರೆ ನೆರೆರಾಜ್ಯಗಳು ಬೆರಗಾಗುತ್ತವೆ."

ದುಃಖಿಯನ್ನು ಪರಿಹರಿಸುವುದು ಎಂಬ ಮಾತಿನಲ್ಲಿ ಏನೋ ಎಡವಟ್ಟಿದೆ ಎಂದು ರಾಜವೈದ್ಯರಿಗೆ ಅನ್ನಿಸಿತು. ಆದರೆ ಅವರಿಗೆ ಮುಂದಿನ ಬಜೆಟ್ಟಿನ ನೆನಪಾಯಿತು.

ಆನಂದೋತ್ಸವದ ದಿನ ಬೀದಿಗೆಲ್ಲ ಕಮಾನು ಕಟ್ಟಿದ್ದರು. ಕೊಳವೆಯ ಕೋಣೆಯಲ್ಲಿ ರಾಯಭಾರಿಗಳು ಸಾಲಾಗಿ ಕುಳಿತಿದ್ದರು. ಮೈಲಾರಿ ಹಿಂದೆ ಗೋಡೆಗಂಟಿಕೊಂಡು ನಿಂತಿದ್ದ. ಮಹಾರಾಜನು ಹಿತ್ತಾಳೆಯ ಬಾಯಿಯ ಮುಂದೆ ಆಸೀನನಾಗುತ್ತಲೇ ದನಿಯೊಂದು ಬಂತು. ಮೈಲಾರಿಗೆ ಒಡನೆಯೇ ಗುರುತು ಸಿಕ್ಕಿತು.

"ಕೊಳವೆಯಣ್ಣಾ, ನಾನು. ಊರೆಲ್ಲ ತಮಟೆ ಹೊಡೀತಾ ಅದಾರೆ. ನಂಗೆ ಇವತ್ತು ಆಗ್ತಾನೇ ಇಲ್ಲ ಕಣಣ್ಣ. ಬದುಕಿದ್ದು ಸಾಕು ಅನ್ನಿಸೈತೆ. ನೀನು ಅದೀಯಾ?"

ಮೈಲಾರಿ ಒಂದು ಹೆಜ್ಜೆ ಮುಂದಿಟ್ಟ. ಸೂಚ್ಯಂಕರಾಯ ಅವನ ಎದೆಗೆ ಕೈಯಿಟ್ಟು ತಡೆದ. ಮಹಾರಾಜನು ಗಂಟಲು ಸರಿಮಾಡಿಕೊಂಡನು.

"ಪ್ರಜೆಯೇ, ಎದೆಗುಂದಬೇಡ! ನಮಗೂ ಬಾಲ್ಯದಲ್ಲಿ ಕಷ್ಟಗಳಿದ್ದವು. ನಮಗೆ ಕೊಟ್ಟಿದ್ದ ಆನೆ ಚಿಕ್ಕದಿತ್ತು. ಆದರೂ ನಾವು ನಗುವುದನ್ನು ಬಿಡಲಿಲ್ಲ. ನಾಳೆಯಿಂದ ಬೇಗ ಏಳು. ಸೂರ್ಯನನ್ನು ನೋಡಿ ನಗು. ನಿನಗಿಂತ ಕಷ್ಟದಲ್ಲಿರುವವರನ್ನು ನೆನೆದು ಸಂತೋಷಪಡು."

"ಯಾರು ಮಾತಾಡ್ತಿರೋದು?" ಎಂದಿತು ದನಿ. "ನೀನು ನಮ್ಮ ಕೊಳವೆಯಣ್ಣ ಅಲ್ಲ. ಅವನೆಲ್ಲಿ?"

"ನಾವು ಸಾಕ್ಷಾತ್ ಪ್ರಸನ್ನವದನರು!"

ಕೊಳವೆಯಲ್ಲಿ ಏನೂ ಕೇಳಿಸಲಿಲ್ಲ. ಮಹಾರಾಜನು ಕಾದು, ಕಿವಿಯಿಟ್ಟು, ಮಂತ್ರಿಯತ್ತ ತಿರುಗಿದನು. "ಮುಗಿಯಿತೇ?"

"ಪರಿಹಾರವಾಯಿತು ಪ್ರಭೂ!" ಎಂದು ಸೂಚ್ಯಂಕರಾಯ ಕೈ ತಟ್ಟಿದನು. ರಾಯಭಾರಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯ ನಡುವೆ ಮೈಲಾರಿ ಮಂತ್ರಿಯನ್ನು ತಳ್ಳಿ ಓಡಿದ. ಬೀದಿಯ ತುಂಬ ಜನ, ಕಮಾನು, ಕುಣಿತ. "ದಾರಿ ಬಿಡ್ರೋ! ನಿಂಗಪ್ಪನ್ನ ಹಿಡೀರೋ! ದ್ಯಾವಕ್ಕಾ!" ಎಂದು ಕೂಗಿದ. ಎಂದೂ ಅರಮನೆಗಾಗಿ ಕೂಗದಷ್ಟು ಜೋರಾಗಿ ಕೂಗಿದ. ಅವನೂ ಉತ್ಸವದ ಘೋಷಣೆ ಮಾಡುತ್ತಿದ್ದಾನೆಂದು ತಿಳಿದ ಜನ ಜೈಕಾರ ಹಾಕಿದರು. ಅಂಬಿಗರ ಕೇರಿ ಮುಟ್ಟುವ ಹೊತ್ತಿಗೆ ಅವನ ಗಂಟಲು ಹರಿದುಹೋಗಿತ್ತು. ಗಾಳಿ ಬಿಟ್ಟರೆ ಏನೂ ಹೊರಡುತ್ತಿರಲಿಲ್ಲ.

ನಿಂಗಪ್ಪ ತೀರದಲ್ಲಿ ಕಾಲು ನೀರಿಗೆ ಬಿಟ್ಟು ಕೂತಿದ್ದ. ಮೈಲಾರಿ ಅವನ ಮುಖವನ್ನು ಅದುವರೆಗೆ ನೋಡಿದವನಲ್ಲ, ಆದರೂ ಅನುಮಾನವಾಗಲಿಲ್ಲ. ಹೋಗಿ ಪಕ್ಕದಲ್ಲಿ ಕುಸಿದು, ಅವನ ತೋಳು ಹಿಡಿದುಕೊಂಡ. ನಿಂಗಪ್ಪ ತಿರುಗಿ ನೋಡಿ, "ಯಾರಣ್ಣಾ ನೀನು?" ಎಂದ.

ಮೈಲಾರಿ ಬಾಯಿ ತೆರೆದ. ದನಿ ಬರಲಿಲ್ಲ. ಕೈಯನ್ನು ಬಾಯಿಯ ಬಳಿ ತಂದು, ತುತ್ತು ಉಣ್ಣುವಂತೆ ಸನ್ನೆ ಮಾಡಿ, ಹುಬ್ಬೆತ್ತಿ ಕೇಳಿದ.

ನಿಂಗಪ್ಪ ಅವನನ್ನೇ ದಿಟ್ಟಿಸಿದ. ಆಮೇಲೆ ಅವನ ಹೆಗಲಿಗೆ ಹಣೆ ಕೊಟ್ಟುಬಿಟ್ಟ.

ಕೂಗು ಕೇಳಿದ್ದ ದ್ಯಾವಕ್ಕ ಬಂದಳು. ಇಬ್ಬರೂ ಅವನನ್ನು ನಡುವೆ ಹಿಡಿದು ಮನೆಗೆ ಕರೆದೊಯ್ದರು. ವೈದ್ಯರು ಬಂದರು. ಕೇರಿಯವರು ಸರದಿಯ ಮೇಲೆ ಜೊತೆಗಿದ್ದರು. ಗೌರವ್ವನೂ ಬಂದು ಕೂತಳು, ಬತ್ತಿ ಹೊಸೆಯುತ್ತ, ಕೇಳಿದರೆ ಮಾತ್ರ ಮಾತಾಡುತ್ತ. ನಿಂಗಪ್ಪನಿಗೆ ಒಂದೇ ದಿನಕ್ಕೆ ಗುಣವಾಗಲಿಲ್ಲ. ನೀರು ಕಣ್ಮುಂದೆ ಬರುವುದು ತಪ್ಪಲಿಲ್ಲ. ಆದರೆ ಬಂದಾಗ ಹೇಳುತ್ತಿದ್ದ.

ಅರಮನೆಯಲ್ಲಿ ಬೇರೆ ಬೆಳವಣಿಗೆಗಳಾದವು. ಕರ್ತವ್ಯದ ವೇಳೆಯಲ್ಲಿ ಸ್ಥಾನ ತೊರೆದು ಪ್ರಜೆಯೊಬ್ಬನ ಬಳಿಗೆ ಓಡಿದ್ದಕ್ಕಾಗಿ ಮೈಲಾರಿಯನ್ನು ಕೆಲಸದಿಂದ ತೆಗೆದರು. ಅವನ ಜಾಗಕ್ಕೆ ಯಾರನ್ನಿಡುವುದೆಂದು ಚರ್ಚಿಸುವಾಗ ಸೂಚ್ಯಂಕರಾಯನಿಗೆ ಅವನ ವೃತ್ತಿಜೀವನದ ಅತಿ ಶ್ರೇಷ್ಠ ಆಲೋಚನೆ ಹೊಳೆಯಿತು. ಕೋಣೆಯಲ್ಲಿದ್ದ ರೇಷ್ಮೆ ದಿಂಬೊಂದನ್ನು ತೆಗೆದು ಕೊಳವೆಯ ಬಾಯಿಗೆ ತುರುಕಿದನು. ರಾಜ್ಯದ ದುಃಖವೆಲ್ಲ ಒಂದೇ ಏಟಿಗೆ ನಿಂತುಹೋಯಿತು.

ಮುಂದಿನ ಸೂಚ್ಯಂಕದಲ್ಲಿ ಸುಮುಖನಗರಿ ಮೊದಲ ಸ್ಥಾನಕ್ಕೆ ಬಂತು. ನೆರೆರಾಜ್ಯಗಳ ನಿಯೋಗಗಳು 'ಸುಮುಖನಗರಿ ಮಾದರಿ'ಯನ್ನು ನೋಡಲು ಬಂದವು, ದಿಂಬಿನ ಅಳತೆ ತೆಗೆದುಕೊಂಡು ಹೋದವು. ಮಹಾರಾಜನಿಗೆ 'ದುಃಖಭಂಜನ ಚಕ್ರವರ್ತಿ' ಎಂಬ ಬಿರುದು ಕೊಟ್ಟು ಹೊಸ ಕಿರೀಟ ತೊಡಿಸುವುದೆಂದು ತೀರ್ಮಾನವಾಯಿತು. ಅದರ ಅಂಗವಾಗಿ ಎರಡು ಆದೇಶಗಳು ಹೊರಟವು. ಒಂದು, ಕೊಳವೆಯನ್ನು ಹಳ್ಳಿಹಳ್ಳಿಗೂ ವಿಸ್ತರಿಸಬೇಕಾದ್ದರಿಂದ ಪ್ರತಿ ಮನೆಯವರೂ ಒಂದು ಹಿತ್ತಾಳೆ ಪಾತ್ರೆಯನ್ನು ನಗುತ್ತ ತಂದೊಪ್ಪಿಸಬೇಕು. ಎರಡು, ಕೊಳವೆ ಇರುವಾಗ ಪ್ರಜೆಗಳು ತಂತಮ್ಮಲ್ಲೇ ಸಮಾಧಾನ ಹೇಳಿಕೊಳ್ಳುವುದು 'ಅನಧಿಕೃತ ಸಾಂತ್ವನ'. ಅದಕ್ಕೆ ಇನ್ನೊಂದು ಪಾತ್ರೆ ದಂಡ.

ಪಟ್ಟಾಭಿಷೇಕದ ಬೆಳಿಗ್ಗೆ ಕೋಟೆ ಬಾಗಿಲಲ್ಲಿ ಜನ ಪಾತ್ರೆ ಹಿಡಿದು ನಿಂತರು, ನಗುತ್ತ. ನಿಂಗಪ್ಪ ತಂದಿದ್ದು ಅವನ ತಮ್ಮ ಉಣ್ಣುತ್ತಿದ್ದ ತಟ್ಟೆ. ಮನೆಯಲ್ಲಿ ಬೇರೆ ಹಿತ್ತಾಳೆ ಇರಲಿಲ್ಲ. ಕಾವಲುಗಾರ ಅದನ್ನು ಕಿತ್ತು ರಾಶಿಗೆ ಎಸೆದಾಗ ನಿಂಗಪ್ಪನ ನಗು ನಿಲ್ಲಲಿಲ್ಲ, ಆದರೆ ಕಣ್ಣು ತುಂಬಿತು. ಪಕ್ಕದಲ್ಲಿ ನಿಂತಿದ್ದ ಮೈಲಾರಿ ಅವನ ಹೆಗಲ ಮೇಲೆ ಕೈಯಿಟ್ಟ.

"ಅನಧಿಕೃತ ಸಾಂತ್ವನ!" ಎಂದ ಕಾವಲುಗಾರ. "ತೆಗೆ ಕೈ. ದಂಡ ಇಡು."

ಮೈಲಾರಿ ತನ್ನ ಹಂಡೆಯನ್ನು ಅದಾಗಲೇ ಕೊಟ್ಟಾಗಿತ್ತು. ಅವನ ದನಿಯೂ ಇನ್ನೂ ಮರಳಿರಲಿಲ್ಲ. ಗೌರವ್ವ ಸೆರಗಿನಡಿಯಿಂದ ನೀರಿನ ತಂಬಿಗೆ ತೆಗೆದು ಕೊಟ್ಟಳು.

ಕಾವಲುಗಾರ ತಂಬಿಗೆಯನ್ನು ರಾಶಿಗೆ ಎಸೆದು ತಿರುಗಿ ನೋಡಿದ. ಕೈ ಇನ್ನೂ ಹೆಗಲ ಮೇಲೆಯೇ ಇತ್ತು.

"ಇನ್ನೊಂದು ಪಾತ್ರೆ!" ಎಂದು ಅವನು ಕೂಗಿದ.

ಒಳಗೆ ಕಹಳೆ ಮೊಳಗಿತು, ದುಃಖಭಂಜನನ ತಲೆಗೆ ಕಿರೀಟ ಏರಿತು. ಹೊರಗೆ ಸಾಲಿನ ಹಿಂದಿನಿಂದ ದ್ಯಾವಕ್ಕ ತನ್ನ ಚೊಂಬು ಹಿಡಿದು ಮುಂದೆ ಬಂದಳು.